ಗುಡಾರದೊಳಗೆ ಸುರಿಯುವ ಮಳೆ

1911ರ ಜುಲೈ ಮೊದಲ ವಾರ. ಅಂಟಾರ್ಕ್ಟಿಕದಲ್ಲಿ ಅದು ನಡುಚಳಿಗಾಲ. ಸೂರ್ಯ ಮುಳುಗಿ ಎರಡು ತಿಂಗಳು ಕಳೆದಿತ್ತು. ಹಗಲೆಂಬುದೂ ಕತ್ತಲೆ, ರಾತ್ರಿಯೆಂಬುದೂ ಕತ್ತಲೆ. ಆ ಕತ್ತಲೆಯಲ್ಲಿ ಮೂವರು ಬ್ರಿಟಿಷರು ಎರಡು ಸ್ಲೆಡ್ಜ್‌ಗಳನ್ನು ಎಳೆಯುತ್ತಾ ಕೇಪ್ ಕ್ರೋಜಿಯರ್ ಎಂಬ ಭೂಶಿರದತ್ತ ಹೊರಟಿದ್ದರು. ಒಂದು ಬೆಳಿಗ್ಗೆ ಅವರಲ್ಲಿ ಕಿರಿಯವನಾದ 25 ವರ್ಷದ ಆಪ್ಸ್ಲಿ ಚೆರಿ ಗ್ಯಾರಾರ್ಡ್ ಗುಡಾರದಿಂದ ಹೊರಬಂದು, ಸುತ್ತ ನೋಡಲೆಂದು ತಲೆಯೆತ್ತಿದ. ಮತ್ತೆ ತಗ್ಗಿಸಲು ಹೋದರೆ ತಲೆ ಬಗ್ಗಲೇ ಇಲ್ಲ. ಕೆಲವೇ ಕ್ಷಣಗಳಲ್ಲಿ ಮೈಮೇಲಿನ ಬಟ್ಟೆ ಮರದ ಹಲಗೆಯಂತೆ ಸೆಟೆದುಕೊಂಡಿತ್ತು. ಅಂದು ನಾಲ್ಕು ಗಂಟೆಗಳ ಕಾಲ ಆತ ಹಾಗೆಯೇ ಆಕಾಶ ನೋಡುತ್ತಾ ಸ್ಲೆಡ್ಜ್ ಎಳೆದ. ಅಂದಿನಿಂದ ಮೂವರೂ ಗುಡಾರದಿಂದ ಹೊರಬಂದೊಡನೆ ಹಗ್ಗ ಎಳೆಯುವ ಭಂಗಿಯಲ್ಲಿ ಬಾಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಬಟ್ಟೆ ಹೆಪ್ಪುಗಟ್ಟುವುದಾದರೆ ಕೆಲಸಕ್ಕೆ ಬರುವ ಆಕಾರದಲ್ಲಾದರೂ ಹೆಪ್ಪುಗಟ್ಟಲಿ ಎಂಬುದು ಲೆಕ್ಕಾಚಾರ.

ಆ ಬಟ್ಟೆಗಳನ್ನು ನೆನೆಸಿದ ನೀರು ಎಲ್ಲಿಂದ ಬಂತು? ಅಲ್ಲಿ ಮಳೆಯಿಲ್ಲ, ಹೊಳೆಯಿಲ್ಲ. ಮೈನಸ್ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದ ಆ ಚಳಿಯಲ್ಲಿ ಹೊರಗೆ ದ್ರವರೂಪದ ನೀರಿನ ಒಂದು ಹನಿಯೂ ಇರಲಿಲ್ಲ. ಇದ್ದ ನೀರೆಲ್ಲ ಅವರು ತಾವೇ ತಂದದ್ದು: ಅವರ ಉಸಿರು, ಅವರ ಬೆವರು, ಅವರು ಬೇಯಿಸಿದ ಅಡುಗೆಯ ಆವಿ.

ಇಂದು ಕುದುರೆಮುಖದ ಸೆರಗಿನಲ್ಲೋ ಕೊಡಗಿನ ಬೆಟ್ಟದಲ್ಲೋ ಮೊದಲ ಬಾರಿ ಗುಡಾರ ಹೂಡಿ ಮಲಗಿದವರಿಗೂ ಬೆಳಗಿನ ಜಾವದಲ್ಲಿ ಇದೇ ಅನುಭವವಾಗುತ್ತದೆ. ಮುಖದ ಮೇಲೆ ಟಪ್ಪೆಂದು ತಣ್ಣನೆಯ ಹನಿ ಬೀಳುತ್ತದೆ. ಮಳೆ ಬಂತೆಂದು ಗಾಬರಿಯಿಂದ ಹೊರಗೆ ಇಣುಕಿದರೆ ನಕ್ಷತ್ರಗಳು ಹೊಳೆಯುತ್ತಿರುತ್ತವೆ. ಗುಡಾರ ಸೋರುತ್ತಿದೆ ಎಂದು ಅಂಗಡಿಯವನನ್ನು ಬೈಯುವವರೂ ಉಂಟು. ಗುಡಾರ ಸೋರಿರುವುದಿಲ್ಲ. ಮಳೆ ಒಳಗೇ ಹುಟ್ಟಿರುತ್ತದೆ.

ಗಾಳಿಯ ಲೆಕ್ಕ

ಗಾಳಿ ತನ್ನೊಳಗೆ ನೀರಾವಿಯನ್ನು ಹೊರಬಲ್ಲುದು, ಆದರೆ ಅದಕ್ಕೊಂದು ಮಿತಿಯುಂಟು. ಆ ಮಿತಿ ಬಿಸಿಯೊಡನೆ ಏರುತ್ತದೆ, ಚಳಿಯೊಡನೆ ಇಳಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರುತ್ತದೆ. 20 ಡಿಗ್ರಿಯಲ್ಲಿ 17 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ, ಸೊನ್ನೆಗೆ ಬಂದರೆ 5 ಗ್ರಾಂ ಕೂಡ ಇಲ್ಲ. ಬೆಚ್ಚಗಿನ ತೇವದ ಗಾಳಿ ತಣ್ಣನೆಯ ವಸ್ತುವನ್ನು ತಾಕಿದಾಗ ಹೊರಲಾರದ ಭಾರವನ್ನು ಅಲ್ಲೇ ಇಳಿಸಿಬಿಡುತ್ತದೆ. ಬೇಸಿಗೆಯಲ್ಲಿ ತಣ್ಣೀರಿನ ಲೋಟದ ಹೊರಮೈ ಬೆವರುವುದು, ಚಳಿಗಾಲದಲ್ಲಿ ಬಸ್ಸಿನ ಗಾಜು ಮಸುಕಾಗುವುದು, ಹುಲ್ಲಿನ ಮೇಲೆ ಇಬ್ಬನಿ ಕೂರುವುದು ಎಲ್ಲವೂ ಒಂದೇ ಕ್ರಿಯೆ.

ಈಗ ಇಬ್ಬರು ಮಲಗುವ ಗುಡಾರವೊಂದನ್ನು ಊಹಿಸಿಕೊಳ್ಳಬಹುದು. ಅದರೊಳಗಿನ ಗಾಳಿ ಹೆಚ್ಚೆಂದರೆ 3 ಘನ ಮೀಟರ್. ರಾತ್ರಿಯ ಉಷ್ಣತೆ 10 ಡಿಗ್ರಿ ಇದ್ದರೆ ಆ ಗಾಳಿ ಹೊರಬಲ್ಲ ಆವಿ 30 ಗ್ರಾಂಗೂ ಕಡಿಮೆ. ಅಂದರೆ ಎರಡು ದೊಡ್ಡ ಚಮಚೆಯಷ್ಟು ನೀರು. ಆದರೆ ನಿದ್ದೆಯಲ್ಲಿರುವ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಎಂಟು ಗಂಟೆಗಳಲ್ಲಿ ಸುಮಾರು ಕಾಲು ಲೀಟರ್ ನೀರನ್ನು ತನಗೆ ಅರಿವಿಲ್ಲದಂತೆಯೇ ಕಳೆದುಕೊಳ್ಳುತ್ತಾನೆ. ಇಬ್ಬರಿಂದ ಅರ್ಧ ಲೀಟರ್. ಗುಡಾರದ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಇದೆಲ್ಲ ಎಲ್ಲಿ ಹೋಗಬೇಕು? ಬಟ್ಟೆಯ ಒಳಮೈಯಲ್ಲಿ ಕೂರುತ್ತದೆ, ಹನಿಗಟ್ಟುತ್ತದೆ, ಇಳಿಯುತ್ತದೆ. ಒಳಗೆ ಸ್ಟೋವ್ ಹಚ್ಚಿದರಂತೂ ಕೇಳುವುದೇ ಬೇಡ. ಒಂದು ಲೀಟರ್ ಸೀಮೆಎಣ್ಣೆ ಪೂರ್ತಿ ಉರಿದರೆ ಸುಮಾರು ಒಂದು ಲೀಟರ್ ನೀರೇ ಆವಿಯಾಗಿ ಹುಟ್ಟುತ್ತದೆ. ಪಾತ್ರೆಯಲ್ಲಿ ಕುದಿಯುವ ನೀರಿನ ಆವಿ ಅದಕ್ಕೆ ಬೇರೆ.

ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಗಾದೆ ಗುಡಾರದಲ್ಲಿ ಅಕ್ಷರಶಃ ನಿಜ.

ಇಬ್ಬನಿಯ ವೈದ್ಯ

ಒಂದು ಒಗಟು ಉಳಿಯುತ್ತದೆ. ಮೋಡ ಮುಸುಕಿದ ರಾತ್ರಿಗಿಂತ ಶುಭ್ರ ಆಕಾಶದ ರಾತ್ರಿಯಲ್ಲೇ ಗುಡಾರ ಹೆಚ್ಚು ಒದ್ದೆಯಾಗುವುದೇಕೆ? ಬಯಲಲ್ಲಿ ಹೂಡಿದ ಗುಡಾರ ತೊಯ್ದು, ಮರದ ಕೆಳಗಿನದು ಒಣಗಿರುವುದೇಕೆ?

ಇದಕ್ಕೆ ಉತ್ತರ ಹುಡುಕಿದವರು ವಿಲಿಯಂ ಚಾರ್ಲ್ಸ್ ವೆಲ್ಸ್. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ವೈದ್ಯವೃತ್ತಿ ನಡೆಸಿದವರು. ಇಬ್ಬನಿ ಆಕಾಶದಿಂದ ಬೀಳುತ್ತದೆಂದು ಕೆಲವರು, ನೆಲದಿಂದ ಏಳುತ್ತದೆಂದು ಕೆಲವರು ವಾದಿಸುತ್ತಿದ್ದ ಕಾಲ ಅದು. ವೆಲ್ಸ್ ಲಂಡನ್ ಬಳಿಯ ತೋಟವೊಂದರಲ್ಲಿ ರಾತ್ರಿಗಳನ್ನು ಕಳೆದರು. ತೂಗಿಟ್ಟ ಉಣ್ಣೆಯ ಚಿಕ್ಕ ಉಂಡೆಗಳನ್ನು ಹುಲ್ಲಿನ ಮೇಲೆ, ಹಲಗೆಯ ಮೇಲೆ, ಹಲಗೆಯ ಕೆಳಗೆ ಇಟ್ಟು, ಬೆಳಿಗ್ಗೆ ಮತ್ತೆ ತೂಗಿ ನೋಡಿದರು. ಬಯಲಿಗೆ ಒಡ್ಡಿಕೊಂಡ ಉಣ್ಣೆ ಹೆಚ್ಚು ನೀರು ಹೀರಿತ್ತು. ಹಲಗೆಯ ಮರೆಯಲ್ಲಿದ್ದುದು ಕಡಿಮೆ. ನಾಲ್ಕು ಕಡ್ಡಿಗಳ ಮೇಲೆ ತೆಳುವಾದ ಕರವಸ್ತ್ರವೊಂದನ್ನು ಹುಲ್ಲಿಗೆ ಸ್ವಲ್ಪ ಎತ್ತರದಲ್ಲಿ ಬಿಗಿದರೆ ಅಷ್ಟಕ್ಕೇ ಅದರ ಕೆಳಗಿನ ಹುಲ್ಲು ಸುತ್ತಲಿನ ಹುಲ್ಲಿಗಿಂತ ಬೆಚ್ಚಗಿರುತ್ತಿತ್ತು.

ನೆಲ, ಹುಲ್ಲು, ಬಟ್ಟೆ ಎಲ್ಲವೂ ರಾತ್ರಿ ತಮ್ಮ ಶಾಖವನ್ನು ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ತಣ್ಣಗಾದ ಮೈಮೇಲೆ ಗಾಳಿಯ ಆವಿ ನೀರಾಗುತ್ತದೆ ಎಂಬುದು ಅವರ ತೀರ್ಮಾನ. ಮೋಡವೋ ಮರದ ಕೊಂಬೆಯೋ ನಡುವೆ ಅಡ್ಡ ಬಂದರೆ ಶಾಖದ ನಷ್ಟ ಕಡಿಮೆಯಾಗುತ್ತದೆ. 1814ರಲ್ಲಿ ಪ್ರಕಟವಾದ ಇಬ್ಬನಿ ಕುರಿತ ಅವರ ಪ್ರಬಂಧಕ್ಕೆ ರಾಯಲ್ ಸೊಸೈಟಿ ಅದೇ ವರ್ಷ ರಮ್‌ಫರ್ಡ್ ಪದಕ ನೀಡಿತು.

ಈ ಕಥೆಗೆ ಭಾರತದ ನಂಟೂ ಇದೆ. ಗಂಗಾ ಬಯಲಿನಲ್ಲಿ ಆಗ ಜನ ಚಳಿಗಾಲದ ರಾತ್ರಿ ತೆಳ್ಳನೆಯ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಒಣಹುಲ್ಲಿನ ಹಾಸಿನ ಮೇಲೆ ಬಯಲಿಗೆ ಒಡ್ಡಿ ಮಂಜುಗಡ್ಡೆ ತಯಾರಿಸುತ್ತಿದ್ದರು. ಗಾಳಿಯ ಉಷ್ಣತೆ ಘನೀಕರಣ ಬಿಂದುವಿಗೆ ಇಳಿಯದಿದ್ದರೂ ನೀರು ಗಡ್ಡೆಗಟ್ಟುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಅಧಿಕಾರಿ 1775ರಲ್ಲಿ ಈ ಪದ್ಧತಿಯನ್ನು ವರ್ಣಿಸಿದ್ದರು. ಅದರ ಕಾರಣವನ್ನು ವೆಲ್ಸ್ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಆ ಮಣ್ಣಿನ ತಟ್ಟೆಯ ನೀರಿಗೆ ಆದದ್ದೇ ಗುಡಾರದ ಮಾಡಿಗೂ ಆಗುತ್ತದೆ.

ಹಳಬರ ಜಾಣ್ಮೆ

ಈ ವಿಜ್ಞಾನ ಬರುವುದಕ್ಕೆ ಬಹಳ ಮೊದಲೇ ಡೇರೆಗಳಲ್ಲಿ ಬಾಳುತ್ತಿದ್ದ ಜನ ಪರಿಹಾರಗಳನ್ನು ಕಂಡುಕೊಂಡಿದ್ದರು. ಅರಬ್ ಅಲೆಮಾರಿಗಳ ಕರಿಯ ಗುಡಾರ ಆಡಿನ ಕೂದಲಿನಿಂದ ನೇಯ್ದದ್ದು. ಒಣಗಿದ್ದಾಗ ನೇಯ್ಗೆಯ ಸಂದುಗಳಲ್ಲಿ ಗಾಳಿಯಾಡುತ್ತದೆ. ಮಳೆ ಬಿದ್ದರೆ ಎಳೆಗಳು ಊದಿ ಸಂದು ಮುಚ್ಚಿಕೊಳ್ಳುತ್ತವೆ. ಮಂಗೋಲಿಯದ ಉಣ್ಣೆಗಂಬಳಿಯ ದುಂಡುಮನೆಗೆ ನಡುನೆತ್ತಿಯಲ್ಲಿ ಕಿಂಡಿ ಇರುತ್ತದೆ. ಹೊಗೆಯೊಂದಿಗೆ ಆವಿಯೂ ಅಲ್ಲಿಂದ ಹೊರಟುಹೋಗುತ್ತದೆ.

ಉತ್ತರ ಅಮೆರಿಕದ ಬಯಲು ಸೀಮೆಯ ಮೂಲನಿವಾಸಿಗಳು ತಮ್ಮ ಶಂಕುವಿನಾಕಾರದ ಟೀಪಿಗಳ ಒಳಗೆ, ಕಂಬಗಳಿಗೆ ಎರಡನೆಯದೊಂದು ಪರದೆ ಕಟ್ಟುತ್ತಿದ್ದರು. ಹೊರಗಿನ ತಣ್ಣನೆಯ ಗಾಳಿ ಹೊದಿಕೆಯ ಬುಡದಿಂದ ನುಗ್ಗಿ, ಎರಡು ಪದರಗಳ ನಡುವೆ ಮೇಲೇರಿ, ಹೊಗೆಕಿಂಡಿಯ ಮೂಲಕ ಹೊರಹೋಗುತ್ತಿತ್ತು. ಹೊರಪದರದ ಹನಿಗಳು ಮಲಗಿದವರ ಮೇಲೆ ಬೀಳುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಆ ಪರದೆಗೆ ಇರುವ ಹೆಸರು ‘ಇಬ್ಬನಿ ಬಟ್ಟೆ’ ಎಂಬ ಅರ್ಥದ್ದೇ.

ಭಾರತದ ದೊಡ್ಡ ಡೇರೆಗಳಿಗೂ ಎರಡು ಪದರಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪು ಸುಲ್ತಾನನದೆಂದು ಹೇಳಲಾಗುವ ಡೇರೆಯೊಂದು ಬ್ರಿಟನ್ನಿಗೆ ಹೋಯಿತು. ವೇಲ್ಸ್‌ನ ಪೋವಿಸ್ ಕೋಟೆಯಲ್ಲಿರುವ ಆ ಡೇರೆಯ ಒಳಮೈ ಹೂಗಿಡಗಳ ಚಿತ್ತಾರದ ಹತ್ತಿ ಬಟ್ಟೆಯದು. ಭಾರತದಲ್ಲಿ ಮೊಕ್ಕಾಂ ಮಾಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ಡೇರೆಗಳಿಗೂ ಒಂದರ ಮೇಲೊಂದು ಎರಡು ಮಾಡು, ನಡುವೆ ಗಾಳಿಯಾಡುವ ತೆರಪು ಇರುತ್ತಿತ್ತು. ಇದರ ಉದ್ದೇಶ ಬಿಸಿಲಿನ ತಡೆ. ಆದರೆ ಹಗಲಿನ ಬಿಸಿಲನ್ನು ತಡೆದ ತೆರಪೇ ರಾತ್ರಿಯ ಇಬ್ಬನಿಗೂ ಮದ್ದು. ಹೊರಮಾಡು ಆಕಾಶಕ್ಕೆ ಶಾಖ ಸೂಸಿ ತಣ್ಣಗಾದರೂ ಒಳಮಾಡು ಬೆಚ್ಚಗೆ ಉಳಿಯುತ್ತದೆ. ಬೆಚ್ಚಗಿರುವ ಬಟ್ಟೆಯ ಮೇಲೆ ಹನಿಗಟ್ಟುವುದಿಲ್ಲ.

ಕನ್ನಡ ನಾಡಿನ ಕುರಿಗಾಹಿಗಳು ಗುಡಾರವನ್ನೇ ನೆಚ್ಚಿಕೊಂಡವರಲ್ಲ. ಅವರಿಗೆ ಕಂಬಳಿಯೇ ಮನೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ಆವಿಯನ್ನು ಎಳೆಗಳೊಳಗೆ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಮಲೆನಾಡಿನ ಗದ್ದೆಗಳಲ್ಲಿ ಮಳೆಗಾಲದ ನಾಟಿಗೆ ಬೆನ್ನ ಮೇಲೆ ಹೊರುತ್ತಿದ್ದ ಗೊರಬು ಕೂಡ ಇದೇ ತತ್ವದ್ದು. ಮೇಲಿನ ಮಳೆಯನ್ನು ತಡೆಯುತ್ತದೆ, ಮೈಯ ಬೆವರಿಗೆ ಕೆಳಗಿನಿಂದ ದಾರಿ ಬಿಡುತ್ತದೆ.

ನೀರು ತಡೆದ ಬಟ್ಟೆ

ಸಮಸ್ಯೆ ಬಿಗಡಾಯಿಸಿದ್ದು ನೀರು ನುಗ್ಗದ ಬಟ್ಟೆ ಬಂದ ಮೇಲೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ರಬ್ಬರನ್ನು ನ್ಯಾಫ್ತಾದಲ್ಲಿ ಕರಗಿಸಿ ಎರಡು ಬಟ್ಟೆಗಳ ನಡುವೆ ಸವರುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮಳೆಯ ಒಂದು ಹನಿಯೂ ಒಳಬರದ ಕೋಟು ಸಿದ್ಧವಾಯಿತು. ಆದರೆ ತೊಟ್ಟು ನಡೆದವರು ಬೆವರಿನಿಂದಲೇ ತೊಯ್ದರು. ಹೊರಗಿನ ನೀರಿಗೆ ಮುಚ್ಚಿದ ಬಾಗಿಲು ಒಳಗಿನ ನೀರಿಗೂ ಮುಚ್ಚಿತ್ತು.

ಧ್ರುವ ಪ್ರದೇಶದಲ್ಲಿ ಈ ಕಷ್ಟ ಜೀವನ್ಮರಣದ ಪ್ರಶ್ನೆಯಾಯಿತು. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಮತ್ತು ಯಾಲ್ಮಾರ್ ಯೊಹಾನ್ಸೆನ್ 1895ರ ಮಾರ್ಚ್ 14ರಂದು ‘ಫ್ರಾಮ್’ ಹಡಗನ್ನು ಬಿಟ್ಟು ಉತ್ತರ ಧ್ರುವದತ್ತ ನಡೆದರು. ಹಗಲಿನಲ್ಲಿ ಬೆವರು ಉಣ್ಣೆಯ ಬಟ್ಟೆಯಲ್ಲಿ ಹೆಪ್ಪುಗಟ್ಟಿ ಮೈಮೇಲೆ ಹಿಮದ ಕವಚವಾಗುತ್ತಿತ್ತು. ಸೆಟೆದ ತೋಳಿನ ಅಂಚು ಮಣಿಕಟ್ಟನ್ನು ಕೊಯ್ದು ನಾನ್ಸೆನ್‌ಗೆ ಗಾಯವೇ ಆಯಿತು. ರಾತ್ರಿ ಮಲಗುಚೀಲದಲ್ಲಿ ಮೈಶಾಖಕ್ಕೆ ಆ ಕವಚ ಕರಗಿ ತಣ್ಣೀರಿನ ಪಟ್ಟಿಯಾಗುತ್ತಿತ್ತು. ಬೆಳಿಗ್ಗೆ ಮತ್ತೆ ಕವಚ. ಒಣಗಿಸಲು ಉಪಾಯವೇ ಇರಲಿಲ್ಲ. ಬೆಚ್ಚಗೆ ಮಲಗಿ ಚೇತರಿಸಿಕೊಳ್ಳಬೇಕಾದ ದೇಹ, ಹಿಮ ಕರಗಿಸುವ ಒಲೆಯಾಗಿ ದುಡಿಯುತ್ತಿತ್ತು.

ಮೂರು ಮೊಟ್ಟೆಗಳ ಬೆಲೆ

ಇದೇ ಕಥೆ ಇನ್ನೂ ಘೋರವಾಗಿ ನಡೆದದ್ದು ಕೇಪ್ ಕ್ರೋಜಿಯರ್ ದಾರಿಯಲ್ಲಿ. ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ಅವರ ದಕ್ಷಿಣ ಧ್ರುವ ಯಾತ್ರೆಯ ತಂಡದಿಂದ ವೈದ್ಯ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್ ಮತ್ತು ಚೆರಿ ಗ್ಯಾರಾರ್ಡ್ 1911ರ ಜೂನ್ 27ರಂದು ಹೊರಟರು. ಚಕ್ರವರ್ತಿ ಪೆಂಗ್ವಿನ್ ಮೊಟ್ಟೆಯಿಡುವುದು ನಡುಚಳಿಗಾಲದಲ್ಲಿ. ಅದರ ಭ್ರೂಣವನ್ನು ಪರೀಕ್ಷಿಸಿದರೆ ಸರೀಸೃಪಗಳಿಗೂ ಹಕ್ಕಿಗಳಿಗೂ ಇರುವ ಸಂಬಂಧ ತಿಳಿದೀತೆಂಬ ನಂಬಿಕೆ ಆಗ ಇತ್ತು. ಮೊಟ್ಟೆ ತರಲು ಒಂದು ಕಡೆಗೆ ನೂರು ಕಿಲೋಮೀಟರಿನಷ್ಟು ಹಾದಿ. ಎಳೆಯಬೇಕಾದ ಭಾರ 757 ಪೌಂಡು, ಅಂದರೆ ಸುಮಾರು 340 ಕಿಲೋ. ಹಿಮ ಮರಳಿನಂತೆ ಗಡುಸಾಗಿ ಸ್ಲೆಡ್ಜ್ ಜಾರದಿದ್ದಾಗ ಒಂದನ್ನು ಎಳೆದು ಬಿಟ್ಟು, ಹಿಂದಿರುಗಿ ಇನ್ನೊಂದನ್ನು ಎಳೆಯುತ್ತಿದ್ದರು. ಒಂದು ಮೈಲಿ ಮುಂದೆ ಹೋಗಲು ಮೂರು ಮೈಲಿ ನಡಿಗೆ.

ಅವರ ಬಳಿ ಇದ್ದುದು ಬಿದಿರಿನ ಕೋಲುಗಳ ಗೋಪುರಾಕಾರದ ಗುಡಾರ. ಒಳಗಡೆ ಪ್ರತ್ಯೇಕ ಪದರವೂ ಇತ್ತು. ಸ್ಟೋವ್ ಹಚ್ಚಿದಾಗ ಗುಡಾರ ಬೆಚ್ಚಗಾಗುತ್ತಿತ್ತು, ಆವಿ ಒಳಪದರದ ಮೇಲೆ ಮಂಜಾಗಿ ಕೂರುತ್ತಿತ್ತು. ಮಲಗುವಾಗ ಚಳಿ ತಾಳಲಾರದೆ ಚೀಲದ ಬಾಯಿ ಮುಚ್ಚಿ ಒಳಗೇ ಉಸಿರಾಡುತ್ತಿದ್ದರು. ಉಸಿರೆಲ್ಲ ಜಿಂಕೆಚರ್ಮದ ಕೂದಲಿನಲ್ಲಿ ಹೆಪ್ಪುಗಟ್ಟುತ್ತಿತ್ತು. ಬಿಸಿಲಿಲ್ಲದ ಕಾರಣ ಒಣಗಿಸುವ ಮಾತೇ ಇಲ್ಲ. ಪ್ರತಿ ರಾತ್ರಿ ಚೀಲದೊಳಗೆ ತೂರುವುದೆಂದರೆ ಹಲಗೆಯಂತೆ ಗಟ್ಟಿಯಾದ ಚರ್ಮವನ್ನು ಅಂಗುಲ ಅಂಗುಲವಾಗಿ ಕರಗಿಸುವ ಕೆಲಸ.

ಆಗಸ್ಟ್ 1ರಂದು ಅವರು ಬಿಡಾರಕ್ಕೆ ಮರಳಿದಾಗ ಸಾಮಾನುಗಳನ್ನು ತೂಗಲಾಯಿತು. 35 ಪೌಂಡಿನ ಗುಡಾರ 60 ಪೌಂಡಾಗಿತ್ತು. ಬರಿಯ ಚೀಲವಾಗಿ 18 ಪೌಂಡಿದ್ದ ಚೆರಿ ಗ್ಯಾರಾರ್ಡ್‌ನ ಮಲಗುಚೀಲ, ಒಳಪದರ ಮತ್ತು ಮಂಜು ಸೇರಿ 45 ಪೌಂಡು ತೂಗಿತು. ತಾವು ಬಿಟ್ಟ ಉಸಿರನ್ನೇ ಅವರು ಸ್ಲೆಡ್ಜ್‌ನಲ್ಲಿ ಹೇರಿಕೊಂಡು ಐದು ವಾರ ಎಳೆದಿದ್ದರು.

ಇಷ್ಟೆಲ್ಲ ಹಿಂಸೆ ಕೊಟ್ಟರೂ ಗುಡಾರವೇ ಪ್ರಾಣ ಎಂಬುದು ಅವರಿಗೆ ದಾರಿಯಲ್ಲೇ ಮನದಟ್ಟಾಗಿತ್ತು. ಕೇಪ್ ಕ್ರೋಜಿಯರ್‌ನಲ್ಲಿ ಬಿರುಗಾಳಿ ಬೀಸಿ ಗುಡಾರವನ್ನು ಹೊತ್ತೊಯ್ದಿತು. ಅವರು ಕಟ್ಟಿಕೊಂಡಿದ್ದ ಕಲ್ಲಿನ ಗುಡಿಸಲಿನ ಬಟ್ಟೆಯ ಮಾಡೂ ಹರಿದುಹೋಯಿತು. ಮೂವರೂ ಮಲಗುಚೀಲಗಳಲ್ಲಿ ಹಿಮದಡಿ ಹೂತು ಸಾವಿಗೆ ಕಾದರು. ಗಾಳಿ ನಿಂತ ಮೇಲೆ ಹುಡುಕಿದರೆ ಗುಡಾರ ಇಳಿಜಾರಿನ ಕೆಳಗೆ ಸಿಕ್ಕಿತು. ಅದು ಸಿಗದಿದ್ದರೆ ಅವರು ಮರಳುತ್ತಿರಲಿಲ್ಲ.

ಒಡೆಯದೆ ಉಳಿದು ಬಂದ ಮೊಟ್ಟೆಗಳು ಮೂರು. ಅವನ್ನು 1913ರಲ್ಲಿ ಚೆರಿ ಗ್ಯಾರಾರ್ಡ್ ಲಂಡನ್ನಿನ ಪ್ರಕೃತಿ ವಿಜ್ಞಾನ ಸಂಗ್ರಹಾಲಯಕ್ಕೆ ಒಪ್ಪಿಸಿದ. 1934ರಲ್ಲಿ ಬಂದ ವರದಿ, ಆ ಭ್ರೂಣಗಳಿಂದ ಹೆಚ್ಚಿನದೇನೂ ತಿಳಿಯಲಿಲ್ಲ ಎಂದಿತು. ಆದರೆ ಎರಡು ಪದರದ ಗುಡಾರದ ಪಾಠ ಉಳಿಯಿತು. ಸ್ಕಾಟ್ ಹೆಸರಿನ ಗೋಪುರಾಕಾರದ ಜೋಡಿಪದರದ ಗುಡಾರಗಳು ಅಂಟಾರ್ಕ್ಟಿಕದ ಸಂಶೋಧಕರ ಬಳಕೆಯಲ್ಲಿ ಇಂದಿಗೂ ಇವೆ.

ಕಿಂಡಿ ಮುಚ್ಚಿದರೆ

ಚಳಿಗೆ ಹೆದರಿ ಕಿಂಡಿಗಳನ್ನು ಮುಚ್ಚುವುದು ಮನುಷ್ಯ ಸಹಜ. ಅದರ ಅಪಾಯ ಬರಿಯ ಒದ್ದೆಯಲ್ಲ. 1934ರಲ್ಲಿ ಅಮೆರಿಕದ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕದ ಒಳನಾಡಿನಲ್ಲಿ, ಹಿಮದಲ್ಲಿ ಹೂತ ಪುಟ್ಟ ಕೋಣೆಯೊಂದರಲ್ಲಿ ಚಳಿಗಾಲವಿಡೀ ಒಬ್ಬಂಟಿಯಾಗಿ ಹವಾಮಾನ ದಾಖಲಿಸಲು ಉಳಿದರು. ಒಳಗಿನ ತೇವ ಗಾಳಿಕೊಳವೆಗಳಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟಿತು. ಸ್ಟೋವಿನ ಇಂಗಾಲದ ಮಾನಾಕ್ಸೈಡ್ ಒಳಗೇ ತುಂಬಿ ಬರ್ಡ್ ಸಾವಿನ ಅಂಚಿಗೆ ಹೋದರು. ಆಗಸ್ಟ್‌ನಲ್ಲಿ ಮೂವರು ಸಂಗಾತಿಗಳು ಬಂದು ತಲುಪಿದ್ದರಿಂದ ಬದುಕಿಕೊಂಡರು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಕಣ್ಣಿಗೆ ಕಾಣದು. ಗೋಡೆಯ ಮೇಲಿನ ಹನಿ ಮಾತ್ರ ಕಾಣುತ್ತದೆ. ಗಾಳಿಯಾಡುತ್ತಿಲ್ಲ ಎಂಬುದಕ್ಕೆ ಅದು ಪುಕ್ಕಟೆಯಾಗಿ ಸಿಗುವ ಎಚ್ಚರಿಕೆ.

ಎವರೆಸ್ಟ್ ಕಥೆಯಲ್ಲೂ ತೇವದ ಪಾತ್ರವಿದೆ. 1953ರ ಮೇ 28ರ ರಾತ್ರಿ ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಸುಮಾರು 8,500 ಮೀಟರ್ ಎತ್ತರದ ಗುಡಾರದಲ್ಲಿ ತಂಗಿದರು. ಹಿಲರಿ ಬೂಟು ಕಳಚಿ ಮಲಗಿದ್ದರು, ತೇನ್‌ಸಿಂಗ್ ಕಳಚಿರಲಿಲ್ಲ. ಬೆಳಿಗ್ಗೆ ಹಿಲರಿಯವರ ತೇವದ ಬೂಟುಗಳು ಕಲ್ಲಾಗಿದ್ದವು. ಸ್ಟೋವಿನ ಉರಿಯ ಮೇಲೆ ಹಿಡಿದು ಅವನ್ನು ಮೆದು ಮಾಡಿದ ನಂತರವೇ ಶಿಖರದತ್ತ ಹೆಜ್ಜೆ ಹಾಕಲು ಸಾಧ್ಯವಾಯಿತು.

ಉಸಿರಾಡುವ ಬಟ್ಟೆ

ಎರಡನೆಯ ಮಹಾಯುದ್ಧದ ನಂತರ ನೈಲಾನ್ ಗುಡಾರಗಳು ಬಂದವು. ಹಗುರ, ಗಟ್ಟಿ, ಬೇಗ ಒಣಗುವ ಬಟ್ಟೆ. ಆದರೆ ನೀರು ತಡೆಯುವ ಲೇಪ ಹಚ್ಚಿದ ನೈಲಾನ್, ಮ್ಯಾಕಿಂಟಾಷ್ ಬಟ್ಟೆಯ ಹಳೆಯ ಕಥೆಯನ್ನೇ ಮತ್ತೆ ಹೇಳಿತು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್, ಟೆಫ್ಲಾನ್ ಎಂದು ಹೆಸರಾದ ವಸ್ತುವನ್ನು ಬಿಸಿ ಮಾಡಿ ಸರಕ್ಕನೆ ಎಳೆದಾಗ ಅದು ಅಸಂಖ್ಯ ಸೂಕ್ಷ್ಮ ರಂಧ್ರಗಳ ಹಾಳೆಯಾಗುವುದನ್ನು ಕಂಡರು. ನೀರಿನ ಹನಿ ಹೋಗಲಾರದ, ಆವಿ ಹೋಗಬಲ್ಲ ಈ ಹಾಳೆಯ ಮಳೆ ಉಡುಪು, ಗುಡಾರಗಳು 1970ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ಬಂದವು.

ಕೋಟಿಗೆ ಅದು ವರವಾಯಿತು. ಗುಡಾರಕ್ಕೆ ಅಷ್ಟಾಗಿ ಅಲ್ಲ. ಹಾಳೆಯ ಮೂಲಕ ಆವಿ ಹೊರಹೋಗಬೇಕಾದರೆ ಒಳಗೆ ಆವಿಯ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು. ಮೈಗಂಟಿದ ಕೋಟಿನಲ್ಲಿ ಅದು ಸುಲಭ, ತಣ್ಣನೆಯ ಮಾಡಿನಲ್ಲಿ ಕಷ್ಟ. ಮಂಜು ಕಟ್ಟಿದರಂತೂ ರಂಧ್ರಗಳ ಬಾಯೇ ಮುಚ್ಚುತ್ತದೆ. ಹೀಗಾಗಿ ಇಂದಿನ ಹೆಚ್ಚಿನ ಗುಡಾರಗಳು ಟೀಪಿಯ ಮತ್ತು ಡೇರೆಯ ಹಳೆಯ ಉಪಾಯಕ್ಕೇ ಮರಳಿವೆ. ಒಳಗೆ ಗಾಳಿಯಾಡುವ ತೆಳುಬಟ್ಟೆ, ಹೊರಗೆ ನೀರು ತಡೆಯುವ ಹೊದಿಕೆ, ನಡುವೆ ತೆರಪು.

ಉಳಿದದ್ದು ಹೂಡುವವರ ವಿವೇಕ. ಕೆಳಗೊಂದು, ಮೇಲೊಂದು ಕಿಂಡಿ ತೆರೆದಿಡಬೇಕು. ತಣ್ಣನೆಯ ಗಾಳಿ ಕೆಳಗಿಂದ ಬಂದು ತೇವವನ್ನು ಮೇಲಿಂದ ಒಯ್ಯುತ್ತದೆ. ರಾತ್ರಿ ತಂಪು ಮತ್ತು ತೇವ ಇಳಿದು ನಿಲ್ಲುವ ಹೊಳೆದಂಡೆಯ ತಗ್ಗಿಗಿಂತ ತುಸು ಎತ್ತರದ ಜಾಗ ಲೇಸು. ಒಣಗಿದ ಕೊಂಬೆಗಳಿಲ್ಲದ ಮರದ ನೆರಳಿದ್ದರೆ ಇನ್ನೂ ಲೇಸು. ತೊಯ್ದ ಬಟ್ಟೆ, ಬೂಟುಗಳನ್ನು ಹೊರಪದರದಡಿ ಬಿಡಬೇಕು. ಒಲೆಯನ್ನು ಗುಡಾರದೊಳಗೆ ಹಚ್ಚಲೇಬಾರದು. ಮಲಗುಚೀಲದೊಳಗೆ ಮುಖ ಹುದುಗಿಸಿ ಉಸಿರಾಡುವ ಬದಲು ತಲೆಗೆ ಉಣ್ಣೆಯ ಟೋಪಿ ಧರಿಸಬೇಕು. ಇಷ್ಟು ಮಾಡಿದರೂ ಗಾಳಿ ಬೀಸದ ತೇವದ ರಾತ್ರಿಯಲ್ಲಿ ಹನಿಗಟ್ಟಿಯೇ ಗಟ್ಟುತ್ತದೆ. ಅದಕ್ಕೆ ಒಂದು ಒಣ ಬಟ್ಟೆಚೂರು ಸಾಕು, ಒರೆಸಿ ಹಿಂಡಿದರಾಯಿತು.

ಕೇಪ್ ಕ್ರೋಜಿಯರ್‌ಗೆ ಹೋಗಿಬಂದ ಮೂವರಲ್ಲಿ ವಿಲ್ಸನ್ ಮತ್ತು ಬವರ್ಸ್ ಅದೇ ವರ್ಷದ ಕೊನೆಯಲ್ಲಿ ಸ್ಕಾಟ್ ಜೊತೆ ದಕ್ಷಿಣ ಧ್ರುವಕ್ಕೆ ಹೊರಟರು. 1912ರ ಜನವರಿಯಲ್ಲಿ ಧ್ರುವ ತಲುಪಿ, ಮರಳುವ ದಾರಿಯಲ್ಲಿ ಮಾರ್ಚ್ ತಿಂಗಳಲ್ಲಿ ತಮ್ಮ ಗುಡಾರದೊಳಗೆ ಸತ್ತರು. ನವೆಂಬರ್ 12ರಂದು ಹುಡುಕುತ್ತಾ ಹೋದ ತಂಡಕ್ಕೆ ಹಿಮದಲ್ಲಿ ಅರ್ಧ ಹೂತ ಗುಡಾರ ಕಂಡಿತು. ಆ ತಂಡದಲ್ಲಿ ಚೆರಿ ಗ್ಯಾರಾರ್ಡ್ ಇದ್ದ. ಒಳಗೆ ಸ್ಕಾಟ್, ಅವರ ಎರಡೂ ಬದಿಗೆ ವಿಲ್ಸನ್ ಮತ್ತು ಬವರ್ಸ್, ಮಲಗುಚೀಲಗಳಲ್ಲಿ. ಅವರನ್ನು ಅಲ್ಲಿಂದ ಕದಲಿಸಲಿಲ್ಲ. ಬಿದಿರುಕೋಲುಗಳನ್ನು ತೆಗೆದು, ಗುಡಾರದ ಬಟ್ಟೆಯನ್ನೇ ಅವರ ಮೇಲೆ ಹೊದಿಸಿ, ಮೇಲೆ ಹಿಮದ ಗುಡ್ಡೆ ಕಟ್ಟಲಾಯಿತು. ಹತ್ತು ವರ್ಷಗಳ ನಂತರ, 1922ರಲ್ಲಿ ಚೆರಿ ಗ್ಯಾರಾರ್ಡ್ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಆ ಮೂವರೂ ಒಟ್ಟಿಗೆ ಎಳೆದ ಮಂಜಿನ ತೂಕ ಇಂದಿಗೂ ಲೋಕಕ್ಕೆ ಗೊತ್ತಿರುವುದು, ಮರಳಿ ಬಂದ ಮೇಲೆ ಗುಡಾರವನ್ನೂ ಚೀಲಗಳನ್ನೂ ತಕ್ಕಡಿಗಿಟ್ಟು ಬರೆದಿಟ್ಟದ್ದರಿಂದ.